ಬಾಣ ಕೀಳುವ ಕೈಗಳು

ಸಂತ ಸೆಬಾಸ್ಟಿಯನ್ನರ ಹಬ್ಬದ ಪ್ರಬೋಧನೆ (ಜನವರಿ 20)
ವಾಚನಗಳು: 1 ಪೇತ್ರ 3:14-17, ಮತ್ತಾಯ 10:28-33



ಒಂಬತ್ತು ದಿನಗಳ ನೊವೇನವನ್ನು ಮುಗಿಸಿ ಇಂದು ನಾವು ಸಂತ ಸೆಬಾಸ್ಟಿಯನ್ನರ ಹಬ್ಬವನ್ನು ಆಚರಿಸಲು ಸೇರಿದ್ದೇವೆ. ಸಂತರ ಸ್ವರೂಪಕ್ಕೆ ಹೂವಿನ ಅಲಂಕಾರವಾಗಿದೆ, ತೇರು ಸಿದ್ಧವಾಗಿದೆ, ದೂರದ ಊರುಗಳಿಂದ ಬಂಧುಗಳು ಬಂದಿದ್ದಾರೆ. ಚಿಕ್ಕ ಮಕ್ಕಳು ಈ ಸ್ವರೂಪದ ಮುಂದೆ ನಿಂತಾಗ ಕೇಳುವ ಮೊದಲ ಪ್ರಶ್ನೆ ಯಾವುದು ಗೊತ್ತೇ? "ಈ ಸಂತರಿಗೆ ಇಷ್ಟೊಂದು ಬಾಣ ಯಾರು ಹೊಡೆದರು?" ದೊಡ್ಡವರಾದ ನಾವು ಈ ಪ್ರಶ್ನೆಗೆ ಉತ್ತರ ಹೇಳುತ್ತೇವೆ. ಆದರೆ ಅದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಆ ಬಾಣಗಳನ್ನು ಕಿತ್ತವರು ಯಾರು?

ಇಂದು ಆ ಎರಡನೆಯ ಪ್ರಶ್ನೆಯ ಮೇಲೆ ಧ್ಯಾನ ಮಾಡೋಣ. ಅದಕ್ಕೆ ಕಾರಣವೂ ಇದೆ. ಕಳೆದ ವಾರ, ಜನವರಿ 14ರಂದು, ನಮ್ಮ ದೇಶದಲ್ಲಿ ಮಾಜಿ ಯೋಧರ ದಿನವನ್ನು ಆಚರಿಸಲಾಯಿತು. ನಮ್ಮ ಕೊಡಗಿನ ಮಣ್ಣಿನ ಮಗ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮಹಾದಂಡನಾಯಕರಾದ ಮೊದಲ ಭಾರತೀಯರು. 1953ರ ಜನವರಿ 14ರಂದು ಅವರು ನಿವೃತ್ತರಾದರು. ಆ ದಿನದ ನೆನಪಿಗಾಗಿಯೇ ಮಾಜಿ ಯೋಧರ ದಿನ. ನಿವೃತ್ತಿಯ ನಂತರ ಕಾರ್ಯಪ್ಪನವರು ಸುಮ್ಮನೆ ಕೂರಲಿಲ್ಲ. ತಮ್ಮ ಹಾಗೆ ಸಮವಸ್ತ್ರ ಕಳಚಿಟ್ಟು ಊರಿಗೆ ಮರಳಿದ ಸಾಮಾನ್ಯ ಸಿಪಾಯಿಗಳ ಬದುಕು ಹೇಗಿದೆ ಎಂಬ ಚಿಂತೆಯನ್ನು ಕೊನೆಯವರೆಗೂ ಹೊತ್ತರು. ಅವರ ದಿನ ಕಳೆದ ಆರೇ ದಿನಕ್ಕೆ ಸೈನಿಕರ ಪಾಲಕ ಸಂತರ ಹಬ್ಬ ನಮಗೆ ಬರುತ್ತದೆ. ಹಬ್ಬವನ್ನು ನಾವು ಪ್ರತಿ ವರ್ಷ ಮಾಡುತ್ತೇವೆ, ಆ ದಿನವನ್ನು ಮಾತ್ರ ಪ್ರತಿ ವರ್ಷ ಮರೆಯುತ್ತೇವೆ.

ಪ್ರಿಯರೇ, ಸಂತ ಸೆಬಾಸ್ಟಿಯನ್ನರ ಚರಿತ್ರೆ ನಮಗೆಲ್ಲ ತಿಳಿದದ್ದೇ. ಮಿಲಾನಿನವರಾದ ಅವರನ್ನು ಕುರಿತು ನಾಲ್ಕನೆಯ ಶತಮಾನದಲ್ಲಿ ಸಂತ ಆಂಬ್ರೋಸರು ತಮ್ಮ ಪ್ರಬೋಧನೆಯಲ್ಲಿ ಪ್ರಸ್ತಾಪಿಸಿದ್ದಾರೆ. ಸಂಪ್ರದಾಯ ಹೇಳುವಂತೆ ಸೆಬಾಸ್ಟಿಯನ್ನರು ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ನನ ಅಂಗರಕ್ಷಕ ಪಡೆಯ ಅಧಿಕಾರಿ. ಸೆರೆಮನೆಯಲ್ಲಿದ್ದ ಕ್ರೈಸ್ತರಿಗೆ ಧೈರ್ಯ ತುಂಬುತ್ತಿದ್ದ ಅವರ ವಿಶ್ವಾಸ ಬಯಲಾದಾಗ, ಅವರದೇ ಸೈನ್ಯದ ಬಿಲ್ಲುಗಾರರು ಅವರನ್ನು ಕಂಬಕ್ಕೆ ಕಟ್ಟಿ ಬಾಣ ಹೊಡೆದರು. ಸತ್ತರೆಂದು ತಿಳಿದು ಬಿಟ್ಟುಹೋದರು. ಆಗ ಐರೀನ್ ಎಂಬ ಒಬ್ಬ ವಿಧವೆ ಬಂದಳು. ಅವಳ ಗಂಡನೂ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವನು. ಅವಳು ಬಂದದ್ದು ಹೆಣವನ್ನು ಮಣ್ಣು ಮಾಡಲು. ಹತ್ತಿರ ಹೋಗಿ ನೋಡಿದಾಗ ಇನ್ನೂ ಉಸಿರಾಡುತ್ತಿದ್ದಾರೆ! ಅವಳು ಅವರನ್ನು ತನ್ನ ಮನೆಗೆ ಕರೆತಂದು, ಬಾಣಗಳನ್ನು ಕಿತ್ತು, ಗಾಯ ತೊಳೆದು, ಅವರು ಎದ್ದು ನಿಲ್ಲುವವರೆಗೂ ಆರೈಕೆ ಮಾಡಿದಳು. ಗುಣವಾದ ಸೆಬಾಸ್ಟಿಯನ್ನರು ಮತ್ತೆ ಚಕ್ರವರ್ತಿಯ ಎದುರು ನಿಂತು ಅವನ ಅನ್ಯಾಯವನ್ನು ಖಂಡಿಸಿದರು. ಆಗ ದೊಣ್ಣೆಯಿಂದ ಹೊಡೆದು ಅವರನ್ನು ಕೊಂದರು.

ಇಲ್ಲಿ ಒಂದು ಮಾತನ್ನು ಗಮನಿಸಿ. ಸತ್ತ ಯೋಧನನ್ನು ಗೌರವಿಸಲು ಬಂದ ಐರೀನಳಿಗೆ ಸಿಕ್ಕಿದ್ದು ಬದುಕಿರುವ ಯೋಧ. ಸತ್ತವನಿಗೆ ಬೇಕಾದದ್ದು ಒಂದು ದಿನದ ಕೆಲಸ. ಬದುಕಿರುವವನಿಗೆ ಬೇಕಾದದ್ದು ಅನೇಕ ದಿನಗಳ ಕೆಲಸ. ಅವಳು ಹಿಂಜರಿಯಲಿಲ್ಲ.

ನಾವು? ನಾವು ಮಡಿದವರನ್ನು ಗೌರವಿಸುವುದರಲ್ಲಿ ಹಿಂದೆ ಬಿದ್ದವರಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಸಿಕ್ಕಿ, ಆರು ದಿನ ಹಿಮದಡಿಯಲ್ಲಿದ್ದು ಜೀವಂತವಾಗಿ ಹೊರಬಂದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ನಾಡೇ ಪ್ರಾರ್ಥಿಸಿತು. ದೇವಾಲಯ, ಗುಡಿ, ಮಸೀದಿ ಎನ್ನದೆ ಎಲ್ಲೆಡೆ ದೀಪ ಹಚ್ಚಿದರು. ಫೆಬ್ರವರಿ 11ರಂದು ಅವರು ತೀರಿಕೊಂಡಾಗ ನಮ್ಮ ಮನೆಯವರೇ ಹೋದಂತೆ ಅತ್ತೆವು. ಆ ಕಣ್ಣೀರು ಸುಳ್ಳಲ್ಲ. ಆದರೆ ಅದೇ ಹಿಮದಲ್ಲಿ ಎರಡು ಮೂರು ಸಲ ಕಾವಲು ಕಾದು, ಬೆರಳು ಮರಗಟ್ಟಿಸಿಕೊಂಡು, ಬದುಕಿ ಬಂದು, ನಮ್ಮದೇ ಬೀದಿಯಲ್ಲಿ ಹಾಲಿನ ಡೈರಿಗೆ ಹೋಗುವ ಮನುಷ್ಯನ ಹೆಸರು ನಮಗೆ ಗೊತ್ತಿದೆಯೇ?

ಕೆಲವೊಮ್ಮೆ ಮಡಿದವರ ಮನೆಯವರನ್ನೂ ಕಾಯಿಸುತ್ತೇವೆ. ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಜಾರಿ ಗ್ರಾಮದ ಲಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಒಬ್ಬ ಕ್ರೈಸ್ತ ಆದಿವಾಸಿ ಯುವಕ. 1971ರ ಡಿಸೆಂಬರ್‌ನಲ್ಲಿ ಗಂಗಾಸಾಗರದ ಕದನದಲ್ಲಿ ಗಾಯಗೊಂಡಿದ್ದರೂ ಶತ್ರುವಿನ ಮೆಷಿನ್‌ಗನ್ನುಗಳನ್ನು ನಿಲ್ಲಿಸಿ ಸಂಗಡಿಗರನ್ನು ಉಳಿಸಿ ಮಡಿದರು. ಮರಣೋತ್ತರವಾಗಿ ಪರಮವೀರ ಚಕ್ರ ದೊರೆಯಿತು. ಆದರೆ ದೂರದ ತ್ರಿಪುರಾದಲ್ಲಿ ಮಣ್ಣಾದ ಅವರ ಸಮಾಧಿ ಸ್ಥಳದಿಂದ ಹಿಡಿ ಮಣ್ಣು ಅವರ ಪತ್ನಿಯಿದ್ದ ಊರಿಗೆ ತಲುಪಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು.

ಹಳೆಯ ಒಡಂಬಡಿಕೆಯ ಉಪದೇಶಕ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಒಂದು ಪುಟ್ಟ ಕಥೆಯಿದೆ. ಸ್ವಲ್ಪವೇ ಜನರಿದ್ದ ಒಂದು ಚಿಕ್ಕ ಪಟ್ಟಣ. ಬಲಿಷ್ಠ ರಾಜನೊಬ್ಬ ಬಂದು ಅದಕ್ಕೆ ಮುತ್ತಿಗೆ ಹಾಕಿದ. ಆ ಊರಿನ ಒಬ್ಬ ಬಡ ಜ್ಞಾನಿ ತನ್ನ ಬುದ್ಧಿಯಿಂದ ಊರನ್ನು ಉಳಿಸಿದ. ಅಪಾಯ ಕಳೆದ ಮೇಲೆ ಆ ಬಡವನನ್ನು ಒಬ್ಬರೂ ನೆನೆಯಲಿಲ್ಲ. ಕಥೆ ಅಲ್ಲಿಗೆ ಮುಗಿಯುತ್ತದೆ. ಸಾವಿರಾರು ವರ್ಷಗಳ ಹಿಂದಿನ ಆ ಪಟ್ಟಣ ನಮ್ಮ ಊರೇ ಇರಬಹುದಲ್ಲವೇ?

ಪ್ರಿಯರೇ, ಹೀಗೆ ಹೇಳುವಾಗ ನಾವು ಬೇರೆಯವರ ಕಡೆ ಬೆರಳು ತೋರಿಸುತ್ತಿಲ್ಲ. ನಮ್ಮ ಧರ್ಮಕೇಂದ್ರದ ಒಂದು ಘಟನೆಯನ್ನೇ ಒಪ್ಪಿಕೊಳ್ಳಬೇಕು. ಆ ಹಿರಿಯರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇವೆ. ಹೆಸರು ಬೇಡ ಎಂದಿದ್ದಾರೆ. ಕೆಲವು ವರ್ಷಗಳ ಹಿಂದೆ ಆಗಸ್ಟ್ 15ರಂದು, ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಬಲಿಪೂಜೆಯಾದ ಮೇಲೆ, ಧ್ವಜಾರೋಹಣಕ್ಕೆ ಮಕ್ಕಳು "ಮಿಲಿಟ್ರಿ ತಾತ" ಎಂದು ಕರೆಯುವ ಒಬ್ಬ ನಿವೃತ್ತ ಹವಾಲ್ದಾರರನ್ನು ಆಹ್ವಾನಿಸಿದೆವು. ಮುಖ್ಯ ಅತಿಥಿಗಳು ಬರುವುದು ತಡವಾಯಿತು. ಒಂದೂವರೆ ಗಂಟೆ ಅವರನ್ನು ಬಿಸಿಲಿನಲ್ಲಿ ಕೂರಿಸಿದೆವು. ಅವರನ್ನು ಪರಿಚಯಿಸಿದವರು "1971ರ ಯುದ್ಧದ ವೀರ" ಎಂದರು. ಜನ ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟೆವು. ಆಮೇಲೆ ಎಲ್ಲರೂ ಮುಖ್ಯ ಅತಿಥಿಗಳ ಹಿಂದೆ ಹೋದೆವು. ಮಂಡಿನೋವಿದ್ದ ಆ ಹಿರಿಯರು ಹಣ್ಣಿನ ಬುಟ್ಟಿ ಹೊತ್ತು ಎರಡು ಕಿಲೋಮೀಟರ್ ನಡೆದೇ ಮನೆ ಸೇರಿದರು. ಇದು ನಮಗೆ ತಿಳಿದದ್ದು ಬಹಳ ದಿನಗಳ ನಂತರ, ಅವರ ಮನೆಗೆ ಹೋದಾಗ.

ಆಗಲೇ ಇನ್ನೊಂದು ವಿಷಯವೂ ತಿಳಿಯಿತು. 1971ರಲ್ಲಿ ಅವರು ಇನ್ನೂ ಶಾಲೆಗೆ ಹೋಗುವ ಹುಡುಗ! ಅವರು ಹೋರಾಡಿದ್ದು ಶ್ರೀಲಂಕಾದಲ್ಲಿ, 1987ರಿಂದ 1990ರವರೆಗೆ ಅಲ್ಲಿದ್ದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿ. ಸಾವಿರಕ್ಕೂ ಹೆಚ್ಚು ಭಾರತೀಯ ಯೋಧರು ಅಲ್ಲಿ ಪ್ರಾಣ ತೆತ್ತರು. ಗೆದ್ದು ಬಂದವರಿಗೆ ಸಿಗುವ ಸ್ವಾಗತ ಅವರಿಗೆ ಸಿಗಲಿಲ್ಲ. ಆ ಯುದ್ಧದ ಬಗ್ಗೆ ಊರಿನಲ್ಲಿ ಯಾರೂ ಅವರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ. ವೇದಿಕೆಯ ಮೇಲೆ ನಾವು ತಪ್ಪು ಹೇಳಿದಾಗಲೂ ಅವರು ತಿದ್ದಲಿಲ್ಲ.

ಅವರ ಮನೆಯಾಕೆ ಆ ದಿನ ಮೆಲ್ಲಗೆ ಹೇಳಿದರು: "ಫಾದರ್, ನಮ್ಮ ಹಬ್ಬದ ರಾತ್ರಿ ಇವರು ನಿದ್ದೆ ಮಾಡೋದಿಲ್ಲ. ಪಟಾಕಿ ಸದ್ದಿಗೆ ಎದ್ದು ಬಾಗಿಲ ಹತ್ತಿರ ಕೂತುಬಿಡ್ತಾರೆ. ಬೆಳಗಿನವರೆಗೂ ಕೂತಿರ್ತಾರೆ."

"ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?"

"ಹಬ್ಬ ಎಲ್ಲರದ್ದೂ ಅಲ್ವಾ ಫಾದರ್? ಒಬ್ಬರಿಗೋಸ್ಕರ ನಿಲ್ಲಿಸೋಕಾಗುತ್ತಾ?"

ಸೈನಿಕರ ಪಾಲಕ ಸಂತರ ಹಬ್ಬದ ರಾತ್ರಿ, ಒಬ್ಬ ಸೈನಿಕನಿಗೆ ನಿದ್ದೆಯಿಲ್ಲದಂತೆ ಮಾಡಿದವರು ನಾವು. ಸ್ವರೂಪದ ಬಾಣಗಳಿಗೆ ಹೂವಿನ ಹಾರ ಹಾಕಿದೆವು. ಪಕ್ಕದ ಮನೆಯವರ ಮೈಯಲ್ಲಿದ್ದ ಬಾಣ ನಮ್ಮ ಕಣ್ಣಿಗೆ ಬೀಳಲಿಲ್ಲ.

ಇಂದಿನ ಶುಭಸಂದೇಶದಲ್ಲಿ ಯೇಸುಸ್ವಾಮಿ ಗುಬ್ಬಚ್ಚಿಗಳ ಮಾತನಾಡುತ್ತಾರೆ. ಪುಡಿಗಾಸಿಗೆ ಮಾರಾಟವಾಗುವ ಗುಬ್ಬಚ್ಚಿಯೂ ಪಿತನ ಅರಿವಿಲ್ಲದೆ ನೆಲಕ್ಕೆ ಬೀಳುವುದಿಲ್ಲ, ನಮ್ಮ ತಲೆಗೂದಲುಗಳನ್ನೂ ಅವರು ಎಣಿಸಿದ್ದಾರೆ ಎಂದು ಧೈರ್ಯ ಹೇಳುತ್ತಾರೆ. ಸೈನ್ಯದಲ್ಲಿ ಪ್ರತಿಯೊಬ್ಬನಿಗೂ ಒಂದು ನಂಬರು ಇರುತ್ತದೆ. ಮುಪ್ಪಿನಲ್ಲಿ ಎಲ್ಲವನ್ನು ಮರೆತರೂ ಆ ನಂಬರನ್ನು ಮರೆಯದ ಹಿರಿಯರನ್ನು ನಾವು ಕಂಡಿದ್ದೇವೆ. ಲೋಕಕ್ಕೆ ಅವರು ನಂಬರಾಗಿ ಉಳಿಯಬಹುದು, ದೇವರಿಗೆ ಹಾಗಲ್ಲ. ದೇವರ ಮನೆಯಾದ ಧರ್ಮಕೇಂದ್ರಕ್ಕೂ ಹಾಗಾಗಬಾರದು.

ಒಂದು ಅನುಮಾನ ಕೆಲವರ ಮನಸ್ಸಿನಲ್ಲಿ ಏಳಬಹುದು. ಕ್ರಿಸ್ತರು ಶಾಂತಿಯ ಅರಸರು. ದೇವಾಲಯದಲ್ಲಿ ಸೈನಿಕರನ್ನು ಹೊಗಳುವುದು ಯುದ್ಧವನ್ನು ಹೊಗಳಿದಂತೆ ಆಗುವುದಿಲ್ಲವೇ? ಇಲ್ಲ. ಯುದ್ಧವನ್ನು ಧರ್ಮಸಭೆ ಎಂದೂ ಹೊಗಳುವುದಿಲ್ಲ. ಆದರೆ 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ದೇಶಸೇವೆಗಾಗಿ ಸೈನ್ಯದಲ್ಲಿರುವವರು ತಮ್ಮ ಕರ್ತವ್ಯವನ್ನು ಸರಿಯಾಗಿ ಮಾಡಿದರೆ ಅವರೂ ಶಾಂತಿಗೆ ನೆರವಾಗುತ್ತಾರೆ ಎಂದು ಬೋಧಿಸಿತು. ಯುದ್ಧ ಎಷ್ಟು ಕೆಟ್ಟದ್ದು ಎಂಬುದು ಅದರಲ್ಲಿ ನಿಂತವರಿಗಿಂತ ಹೆಚ್ಚಾಗಿ ಯಾರಿಗೆ ಗೊತ್ತು? ಶುಭಸಂದೇಶದಲ್ಲಿ ಪ್ರಭು ಬೆರಗಾಗಿ ಮೆಚ್ಚಿದ್ದು ಒಬ್ಬ ಶತಾಧಿಪತಿಯ ವಿಶ್ವಾಸವನ್ನು. ಪ್ರತಿ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ, ನಾವು ಅರ್ಹರಲ್ಲ, ಆದರೆ ಪ್ರಭುವಿನ ಒಂದು ಮಾತು ಸಾಕು ಎಂದು ಹೇಳಿಕೊಳ್ಳುತ್ತೇವಲ್ಲ, ಅದು ಆ ಸೈನಿಕನಿಂದ ನಮಗೆ ಬಂದ ಪ್ರಾರ್ಥನೆ. ಶಿಲುಬೆಯ ಬುಡದಲ್ಲಿ ಕ್ರಿಸ್ತರನ್ನು ಗುರುತಿಸಿ ಸಾಕ್ಷಿ ನುಡಿದವನೂ ಶತಾಧಿಪತಿಯೇ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಪೇತ್ರರು ತಮ್ಮ ಕೈಯಾರೆ ಧರ್ಮಸಭೆಗೆ ಬರಮಾಡಿಕೊಂಡ ಕೊರ್ನೇಲಿಯನೂ ಸೇನಾಧಿಕಾರಿ. ಪೇತ್ರರು ಅವನ ಮನೆಗೆ ಹೋದರು, ಅವನ ಮಾತನ್ನು ಕೇಳಿಸಿಕೊಂಡರು, ಅಲ್ಲಿ ಕೆಲವು ದಿನ ಉಳಿದರು.

ಹಾಗಾದರೆ ಕೃತಜ್ಞತೆಯೆಂದರೆ ಏನು? ಐರೀನಳು ಮೂರು ಕೆಲಸ ಮಾಡಿದಳು. ಅವು ನಮಗೂ ದಾರಿ.

ಮೊದಲನೆಯದಾಗಿ, ಅವಳು ಹುಡುಕಿಕೊಂಡು ಹೋದಳು. ಸೆಬಾಸ್ಟಿಯನ್ನರು ಅವಳ ಬಾಗಿಲಿಗೆ ಬರಲಿಲ್ಲ, ಬರುವ ಸ್ಥಿತಿಯಲ್ಲೂ ಇರಲಿಲ್ಲ. ನಮ್ಮ ಮಾಜಿ ಯೋಧರೂ ಬಂದು ಕೇಳುವವರಲ್ಲ. ಕೇಳದಿರುವುದನ್ನೇ ಅವರಿಗೆ ಕಲಿಸಲಾಗಿದೆ. ಆದ್ದರಿಂದ ಈ ತಿಂಗಳೊಳಗೆ ನಮ್ಮ ಕಿರು ಕ್ರೈಸ್ತ ಸಮುದಾಯಗಳ ಮುಖಂಡರು ತಮ್ಮ ತಮ್ಮ ಬೀದಿಗಳಲ್ಲಿ ಸೈನ್ಯದಲ್ಲಿದ್ದವರು ಯಾರು, ಅವರ ವಿಧವೆಯರು ಯಾರು, ಈಗ ಗಡಿಯಲ್ಲಿರುವವರ ವಯಸ್ಸಾದ ತಂದೆತಾಯಿ ಯಾರು ಎಂದು ತಿಳಿದುಕೊಳ್ಳಬೇಕು. ನಮ್ಮವರು ಮಾತ್ರವಲ್ಲ, ನೆರೆಯ ಹಿಂದೂ, ಮುಸ್ಲಿಂ ಮನೆಗಳವರೂ. ಗಡಿಯಲ್ಲಿ ಅವರು ನಮ್ಮ ಜಾತಿ ಮತ ಕೇಳಿ ಕಾವಲು ಕಾಯಲಿಲ್ಲ. ನೆರೆಯ ಕೇರಳದಲ್ಲಿ ಈ ಸಂತರ ಹಬ್ಬದಂದು ಬಾಣವನ್ನು ಮನೆಮನೆಗೆ ಕೊಂಡೊಯ್ಯುವ ಪದ್ಧತಿಯಿದೆ. ನಾವು ಆ ಮನೆಗಳಿಗೆ ಬಾಣದ ಬದಲು ಐರೀನಳ ಕೈಗಳನ್ನು ಕೊಂಡೊಯ್ಯೋಣ.

ಎರಡನೆಯದಾಗಿ, ಅವಳು ಮನೆಯೊಳಗೆ ಕರೆತಂದಳು. ಸಾಮಾನ್ಯ ಜವಾನ ಅರವತ್ತಕ್ಕೆ ನಿವೃತ್ತನಾಗುವುದಿಲ್ಲ. ಮೂವತ್ತೈದು, ನಲವತ್ತರ ಆಸುಪಾಸಿನಲ್ಲೇ, ಮಕ್ಕಳು ಇನ್ನೂ ಶಾಲೆಯಲ್ಲಿರುವಾಗಲೇ ಮನೆಗೆ ಮರಳುತ್ತಾನೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಂತೂ ಸೇವೆ ನಾಲ್ಕೇ ವರ್ಷ. ಮುಂದುವರಿಯುವ ಅವಕಾಶ ಗರಿಷ್ಠ ಶೇ 25 ಮಂದಿಗೆ ಎಂಬುದು ಅದರ ಮೂಲ ನಿಯಮ. ಉಳಿದವರು ಪಿಂಚಣಿಯಿಲ್ಲದೆ ಇಪ್ಪತ್ತರ ಹರೆಯದಲ್ಲೇ ಊರಿಗೆ ಬರುತ್ತಾರೆ. ಇಷ್ಟು ವರ್ಷ ಊರಿನಿಂದ ದೂರವಿದ್ದವರಿಗೆ ಊರೇ ಹೊಸದಾಗಿರುತ್ತದೆ. ಮಾಜಿ ಸೈನಿಕ ಎಂದ ಕೂಡಲೇ ನಮಗೆ ವಾಚ್‌ಮನ್ ಕೆಲಸವೇ ನೆನಪಾಗುವುದೇಕೆ? ಅವರಲ್ಲಿ ಒಳ್ಳೆಯ ಚಾಲಕರಿದ್ದಾರೆ, ಎಲೆಕ್ಟ್ರಿಷಿಯನ್ನರಿದ್ದಾರೆ, ರೇಡಿಯೋ ತಂತ್ರಜ್ಞರು, ಶುಶ್ರೂಷಕರು, ಲೆಕ್ಕಪತ್ರ ಬಲ್ಲವರು ಇದ್ದಾರೆ. ನಮ್ಮಲ್ಲಿ ಅಂಗಡಿ, ಕಾರ್ಖಾನೆ, ಶಾಲೆ ನಡೆಸುವವರು ಈ ಮಾತನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು. ಧರ್ಮಕೇಂದ್ರದ ಸಮಿತಿಗಳಲ್ಲೂ ಅವರಿಗೆ ಸ್ಥಾನವಿರಲಿ. ಹೊತ್ತಿಗೆ ಸರಿಯಾಗಿ ಬರುವವರು ನಮ್ಮ ಸಭೆಗಳಿಗೆ ಬೇಕೇ ಬೇಕು!

ಮೂರನೆಯದಾಗಿ, ಅವಳು ಬಾಣ ಕಿತ್ತು ಗಾಯ ತೊಳೆದಳು. ಇದು ಎಲ್ಲಕ್ಕಿಂತ ತಾಳ್ಮೆಯ ಕೆಲಸ. ಕೆಲವು ಬಾಣಗಳು ಕಾಗದದವು. ಪಿಂಚಣಿದಾರರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ತಾವು ಬದುಕಿದ್ದೇವೆ ಎಂಬ ಜೀವಿತ ಪ್ರಮಾಣಪತ್ರ ಕೊಡಬೇಕು. ಈಗ ಅದನ್ನು ಮೊಬೈಲ್, ಕಂಪ್ಯೂಟರಿನಲ್ಲೇ ಮಾಡಬಹುದು. ನಮ್ಮ ಯುವಕರಿಗೆ ಅದು ಹತ್ತು ನಿಮಿಷದ ಕೆಲಸ, ಎಂಬತ್ತರ ಅಜ್ಜನಿಗೆ ಅದು ಬೆಟ್ಟ. ಮಾಜಿ ಸೈನಿಕರ ವೈದ್ಯಕೀಯ ಯೋಜನೆ 2003ರಿಂದ ಇದ್ದರೂ, ಅದರ ಚಿಕಿತ್ಸಾಲಯ ದೂರದ ಪಟ್ಟಣದಲ್ಲಿದ್ದರೆ ಕರೆದುಕೊಂಡು ಹೋಗುವವರು ಬೇಕು.

ನಮ್ಮಲ್ಲೇ ಒಬ್ಬ ವಿಧವೆ ತಾಯಿಗೆ ಕುಟುಂಬ ಪಿಂಚಣಿ ಬಾರದೆ ನಿಂತಿತ್ತು. ಗಂಡನ ಸೇವಾ ದಾಖಲೆಯಲ್ಲಿ ಆಕೆಯ ಹೆಸರು ಒಂದು ರೀತಿ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ರೀತಿ. ಆಕೆ ಎಷ್ಟೋ ತಿಂಗಳು ಅಲೆದಿದ್ದರು. ಕೊನೆಗೆ ನಮ್ಮ ದೇವಾಲಯದ ಹಳೆಯ ವಿವಾಹ ದಾಖಲೆ ಪುಸ್ತಕವನ್ನು ತೆರೆದು ನೋಡಿದರೆ, ಇಬ್ಬರ ಹೆಸರೂ, ತಂದೆತಾಯಿಗಳ ಹೆಸರೂ ಸ್ಪಷ್ಟವಾಗಿದ್ದವು. ಅದರ ಪ್ರಮಾಣಪತ್ರದೊಂದಿಗೆ ಒಬ್ಬ ಯುವಕ ಆಕೆಯನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕರೆದುಕೊಂಡು ಹೋದ. ಉಳಿದ ಕಾಗದಗಳನ್ನು ಅಲ್ಲಿ ಹೇಳಿಕೊಟ್ಟರು, ಕೆಲಸ ದಾರಿಗೆ ಬಂತು. ಉತ್ತರ ನಮ್ಮ ಬೀರುವಿನಲ್ಲೇ ಇತ್ತು. ಆಕೆ ಪ್ರತಿ ಭಾನುವಾರ ಆ ಬೀರುವಿನ ಮುಂದೆಯೇ ಹಾದು ದೇವಾಲಯಕ್ಕೆ ಬರುತ್ತಿದ್ದರು. ನಾವು ಕೇಳಿರಲಿಲ್ಲ.

ಇನ್ನು ಕೆಲವು ಬಾಣಗಳು ಕಣ್ಣಿಗೆ ಕಾಣುವುದಿಲ್ಲ. ಪಕ್ಕದಲ್ಲೇ ಸತ್ತ ಗೆಳೆಯನ ನೆನಪು, ತಾನೊಬ್ಬನೇ ಉಳಿದೆನಲ್ಲ ಎಂಬ ಸಂಕಟ, ಮಾಡಬೇಕಾಗಿ ಬಂದ ಕೆಲಸದ ಭಾರ. ಮಕ್ಕಳೇ, ನಿಮ್ಮ ಮಿಲಿಟ್ರಿ ತಾತನ ಹತ್ತಿರ ಹೋಗಿ "ಎಷ್ಟು ಜನರನ್ನು ಕೊಂದ್ರಿ ತಾತ?" ಎಂದು ಕೇಳಬೇಡಿ. "ನಿಮ್ಮ ಜೊತೆಗಾರರು ಯಾರಿದ್ರು ತಾತ? ಅಲ್ಲಿ ಊಟ ಏನಿತ್ತು? ನಮ್ಮೂರು ನೆನಪಾಗ್ತಿತ್ತಾ?" ಎಂದು ಕೇಳಿ. ಅವರು ಸುಮ್ಮನಿದ್ದರೆ ನೀವೂ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಮನೆಯವರೇ, ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೆ ಬೆಚ್ಚುವುದು, ಕುಡಿತಕ್ಕೆ ಬೀಳುವುದು ಇವು ಹೇಡಿತನವಲ್ಲ, ನಾಚಿಕೆಪಡಬೇಕಾದ ವಿಷಯವೂ ಅಲ್ಲ. ಅವೂ ಗಾಯಗಳೇ. ವೈದ್ಯರ ಹತ್ತಿರ ಕರೆದೊಯ್ಯಿರಿ. ಮನಸ್ಸು ಬಿಚ್ಚಿ ಹೇಳಿಕೊಳ್ಳಬೇಕೆಂದಾಗ ಪಾಪನಿವೇದನೆಯ ಸಂಸ್ಕಾರವಿದೆ, ನಮ್ಮ ಬಾಗಿಲು ತೆರೆದಿದೆ.

ಇಂಥ ಆರೈಕೆಯ ಫಲ ಎಷ್ಟು ದೊಡ್ಡದು ಎಂಬುದನ್ನು ಹೇಗೆ ಬಲ್ಲೆವು? 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡ ಒಬ್ಬ ಯೋಧನನ್ನು ಲೊಯೋಲದ ಅವನ ಮನೆಗೆ ಹೊತ್ತು ತಂದರು. ಅಣ್ಣನ ಹೆಂಡತಿ ಮಗ್ದಲೇನಾ ಅವನ ಆರೈಕೆ ಮಾಡಿದಳು. ಹಾಸಿಗೆಯಲ್ಲಿದ್ದಾಗ ಅವನಿಗೆ ಓದಲು ಸಿಕ್ಕಿದ್ದು ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆಗಳು. ಆ ಯೋಧನೇ ಸಂತ ಇಗ್ನೇಷಿಯಸ್. ಯೇಸುಸಭೆಯ ಕಥೆ ಶುರುವಾಗುವುದು ಮನೆಗೆ ಮರಳಿದ ಗಾಯಾಳು ಸೈನಿಕನೊಬ್ಬನನ್ನು ಒಂದು ಕುಟುಂಬ ನೋಡಿಕೊಂಡದ್ದರಿಂದ.

ಇಲ್ಲಿ ಕುಳಿತಿರುವ ಮಾಜಿ ಯೋಧರೇ, ನಿಮಗೂ ಒಂದು ಮಾತು. ನಾವು ಗಮನಿಸದೆ ಇದ್ದದ್ದಕ್ಕೆ ಕ್ಷಮೆ ಕೇಳುತ್ತೇವೆ. ನೀವು ಹಿಂದಿನ ಬೆಂಚಿನಲ್ಲಿ ಕುಳಿತು, ಬಲಿಪೂಜೆ ಮುಗಿದ ಕೂಡಲೇ ಸದ್ದಿಲ್ಲದೆ ಹೋಗುತ್ತೀರಿ. ಗುಣವಾದ ಸೆಬಾಸ್ಟಿಯನ್ನರು ಮತ್ತೆ ಎದ್ದು ಸತ್ಯ ನುಡಿದರು. ನಿಮ್ಮ ಮಾತೂ ನಮಗೆ ಬೇಕು. ಶಿಸ್ತು ಎಂದರೇನು, ಬೇರೆ ಭಾಷೆ ಬೇರೆ ಮತದವರ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುವುದು ಹೇಗೆ, ಯುದ್ಧ ಯಾಕೆ ಬೇಡ ಎಂಬುದನ್ನು ನಮ್ಮ ಮಕ್ಕಳಿಗೆ ನೀವೇ ಹೇಳಬೇಕು. ಸೈನ್ಯಕ್ಕೆ ಸೇರಬೇಕೆಂದಿರುವ ಯುವಕ ಯುವತಿಯರಿಗೆ ನಿಜವನ್ನು ತಿಳಿಸಬೇಕು. ಸಹಾಯ ಪಡೆಯುವುದು ಸೋಲಲ್ಲ. ಸೆಬಾಸ್ಟಿಯನ್ನರೂ ಐರೀನಳ ಆರೈಕೆಯನ್ನು ಸ್ವೀಕರಿಸಿದರು.

ಹತ್ತು ಮಂದಿ ಕುಷ್ಠರೋಗಿಗಳು ಗುಣವಾದಾಗ ಹಿಂದಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸುಸ್ವಾಮಿ ಕೇಳಿದರು. ಆ ಒಂಬತ್ತು ಮಂದಿ ಕೆಟ್ಟವರೇನಲ್ಲ, ಅವರಿಗೆ ತಮ್ಮ ಮನೆಯ ಆತುರ. ನಮಗೂ ಅದೇ ಆತುರ. ಈ ಹಬ್ಬ ನಮ್ಮನ್ನು ಹಿಂದಿರುಗಿ ಹೋಗುವ ಆ ಒಬ್ಬನನ್ನಾಗಿ ಮಾಡಲಿ.

ಆದ್ದರಿಂದ ಪ್ರಿಯರೇ, ಪಾಲನಾ ಸಮಿತಿಯೊಂದಿಗೆ ಕೂಡಿ ಈ ಸಲ ಒಂದು ತೀರ್ಮಾನ ಮಾಡಿದ್ದೇವೆ. ಇಂದಿನ ತೇರಿನಲ್ಲಿ ಪಟಾಕಿ ಇರುವುದಿಲ್ಲ. ಯುವಕರಿಗೆ ಸ್ವಲ್ಪ ಬೇಸರವಾಗಿದೆ, ನಮಗೆ ಗೊತ್ತು. ಬ್ಯಾಂಡ್ ಇದೆ, ಘಂಟೆಯಿದೆ, ನಿಮ್ಮ ಹಾಡುಗಳಿವೆ. ಉಳಿದ ಹಣದಲ್ಲಿ ಒಂದು ಪಾಲು ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಗೆ, ಇನ್ನೊಂದು ಪಾಲು ನಮ್ಮ ಹಿರಿಯ ಯೋಧರನ್ನು ಆಸ್ಪತ್ರೆಗೆ ಕರೆದೊಯ್ಯುವ ವಾಹನದ ಖರ್ಚಿಗೆ. ತೇರು ಸಾಗುವ ದಾರಿಯಲ್ಲಿ ಒಂದು ಮನೆಯ ಮುಂದೆ ಎರಡು ನಿಮಿಷ ನಿಲ್ಲುತ್ತದೆ. ಯಾರ ಮನೆಯೆಂದು ಹೇಳುವ ಅಗತ್ಯವಿಲ್ಲ. ಅಲ್ಲಿ ಭಾಷಣವಿಲ್ಲ, ಶಾಲಿಲ್ಲ. ಮೌನವಾಗಿ ಪ್ರಾರ್ಥಿಸಿ ಮುಂದೆ ಹೋಗೋಣ. ನಾಳೆ ಬೆಳಿಗ್ಗೆ ಆ ಮನೆಗೆ ಕಾಫಿಗೆ ಹೋಗೋಣ.

ಪ್ರಾರ್ಥಿಸೋಣ. ಪ್ರಭುವೇ, ನಮಗಾಗಿ ನಿದ್ದೆಗೆಟ್ಟವರಿಗೆ ಇಂದು ರಾತ್ರಿ ನೆಮ್ಮದಿಯ ನಿದ್ದೆಯನ್ನು ಕೊಡಿರಿ. ಮಡಿದವರಿಗೆ ನಿತ್ಯ ವಿಶ್ರಾಂತಿಯನ್ನೂ, ಅವರ ಮನೆಯವರಿಗೆ ಆಸರೆಯನ್ನೂ ದಯಪಾಲಿಸಿರಿ. ಹೋರಾಡುತ್ತಿರುವ ದೇಶಗಳಿಗೆ ಶಾಂತಿಯನ್ನು ತನ್ನಿರಿ. ಸಂತ ಸೆಬಾಸ್ಟಿಯನ್ನರ ಪ್ರಾರ್ಥನೆಯಿಂದ, ಗಾಯಗಳನ್ನು ಕಾಣುವ ಕಣ್ಣುಗಳನ್ನೂ ಬಾಣ ಕೀಳುವ ಕೈಗಳನ್ನೂ ನಮಗೆ ಅನುಗ್ರಹಿಸಿರಿ. ಆಮೆನ್.